ಮಂಜಿನ ಹೆಸರಿನಲ್ಲಿ ಬಂದ ಕಾರು

ಕಳೆದ ಬಾರಿ ಉಡುಪಿಯ ತವರುಮನೆಗೆ ಬಂದಿದ್ದಾಗ, ಭಾನುವಾರದ ಆರಾಧನೆಯ ಬಳಿಕ ನಮ್ಮನ್ನು ಕಾಣಲು ಬಂದ ಸಭೆಯ ಹಿರಿಯರೊಬ್ಬರಿಗೆ ನ್ಯೂಜಿಲೆಂಡಿನ ಹಳೆಯ ಚಿತ್ರಗಳನ್ನು ತೋರಿಸುತ್ತಾ ಕುಳಿತಿದ್ದೆ. ಒಂದು ಚಿತ್ರದಲ್ಲಿ ನಮ್ಮ ಯಜಮಾನರು ಬೆಳ್ಳಿ ಬಣ್ಣದ, ತಗ್ಗಿದ ಮೈಯ ಒಂದು ಕಾರಿನ ಮುಂದೆ ಕೈಕಟ್ಟಿ ನಿಂತಿದ್ದಾರೆ. ಹಿರಿಯರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, “ಇದು ಹುಡುಗರು ಓಡಿಸುವ ಕಾರಲ್ಲವೇ ಅಮ್ಮಾ? ನಿಮ್ಮ ಮನೆಗೆ ಹೇಗೆ ಬಂತು?” ಎಂದು ಕೇಳಿದರು. “ಮಂಜಿನಿಂದಾಗಿ ಬಂತು” ಎಂದು ನಕ್ಕು, ಚಹಾ ತರುವ ನೆಪದಲ್ಲಿ ಒಳಗೆ ಹೋದೆ. ಹೇಳಿದ್ದು ಸುಳ್ಳಲ್ಲ. ಆದರೆ ಉತ್ತರ ಅಷ್ಟೇ ಅಲ್ಲ ಎಂಬುದು ನನಗೆ ಗೊತ್ತಿತ್ತು. ಆ ಹಿರಿಯರು ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಆದುದರಿಂದ ಉಳಿದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನಾವು ಹ್ಯಾಮಿಲ್ಟನ್ ನಗರಕ್ಕೆ ಬಂದು ನೆಲೆಸಿದ್ದು 2001ರಲ್ಲಿ. ವೈಕಾಟೊ ನದಿಯ ಎರಡೂ ದಡಗಳಲ್ಲಿ ಹರಡಿಕೊಂಡಿರುವ ಊರು. ಸುತ್ತಲೂ ಹುಲ್ಲುಗಾವಲು, ಹಸುಗಳು. ಯಜಮಾನರಿಗೆ ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಕೆಲಸ. ನಾನು ದಾದಿ. ಅಲ್ಲಿಂದ ಸುಮಾರು 30 ಕಿಲೋಮೀಟರು ದೂರದ ಮಾರಿನ್ಸ್‌ವಿಲ್ ಎಂಬ ಪುಟ್ಟ ಪಟ್ಟಣದ ವೃದ್ಧಾಶ್ರಮವೊಂದರಲ್ಲಿ ರಾತ್ರಿ ಪಾಳಿ. ನಮಗಿದ್ದದ್ದು ಒಂದು ಬಿಳಿ ಕೊರೊಲಾ ಕಾರು. ಗೇರು ಬದಲಾಯಿಸುವ ಗೋಜಿಲ್ಲದ್ದು, ಯಾರ ಕಣ್ಣಿಗೂ ಬೀಳದ್ದು. ಅಕ್ಕಿಯ ಚೀಲ, ಮಗನ ಸೈಕಲ್ಲು, ಸಭೆಯ ಕುರ್ಚಿಗಳು ಎಲ್ಲವನ್ನೂ ಅದು ಹೊತ್ತಿತ್ತು. ಎಂಟು ವರ್ಷ ಅದು ನಮ್ಮನ್ನು ಒಮ್ಮೆಯೂ ದಾರಿಯಲ್ಲಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ನಾನು.

2009ರ ಜೂನ್ ತಿಂಗಳು. ಅಲ್ಲಿ ಅದು ಚಳಿಗಾಲ. ಆ ಬಯಲಿನಲ್ಲಿ ಚಳಿಗಾಲದ ಮುಂಜಾನೆ ಮಂಜು ಎಂದರೆ ನಮ್ಮ ಆಗುಂಬೆಯ ಮಂಜಿನಂತೆ ಬಂದು ಹೋಗುವುದಲ್ಲ. ನೆಲಕ್ಕೆ ಅಂಟಿಕೊಂಡು ಕುಳಿತುಬಿಡುತ್ತದೆ. ಆ ವಾರ ಒಬ್ಬ ಸಹೋದ್ಯೋಗಿಗೆ ಕಾಯಿಲೆಯಾದುದರಿಂದ ನಾನು ಸಾಲಾಗಿ ಐದನೆಯ ರಾತ್ರಿ ಪಾಳಿ ಮುಗಿಸಿದ್ದೆ. ಹಗಲಿನ ನಿದ್ದೆಯೂ ಸರಿಯಾಗಿರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಹೊರಟೆ. ಮಂಜು ಇತ್ತು, ನಿಜ. ಅಲ್ಲಲ್ಲಿ ದಟ್ಟವಾಗಿ, ಅಲ್ಲಲ್ಲಿ ತೆಳುವಾಗಿ ಇತ್ತು. ಒಂದು ತೆಳುವಾದ ಜಾಗದಲ್ಲಿ, ರಸ್ತೆ ಚೆನ್ನಾಗಿ ಕಾಣುತ್ತಿದ್ದಾಗಲೇ, ನನ್ನ ಕಣ್ಣು ಮುಚ್ಚಿತು. ಮರುಕ್ಷಣ ತಂತಿಬೇಲಿ ಹರಿಯುವ ಸದ್ದು ಕೇಳಿ ಎಚ್ಚರವಾಯಿತು. ರಸ್ತೆ ಬಲಕ್ಕೆ ತಿರುಗಿತ್ತು, ನಾನು ತಿರುಗಿರಲಿಲ್ಲ. ಕಾರು ಚರಂಡಿಯನ್ನು ದಾಟಿ, ಬೇಲಿಯ ಮೂಲೆಗಂಬಕ್ಕೆ ಬಡಿದು ನಿಂತಿತ್ತು. ಬಾನೆಟ್ಟು ಮಡಚಿದ ಕಾಗದದಂತಾಗಿತ್ತು. ನನ್ನ ಎಡಗಡೆಯ ಕೊರಳೆಲುಬು ಮುರಿದಿತ್ತು. ಸ್ವಲ್ಪ ದೂರದಲ್ಲಿ ನಾಲ್ಕು ಹಸುಗಳು ಮೇಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದವು.

ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಓಡುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ 110 ಮೀಟರು. ನಿದ್ದೆಗೆಟ್ಟವರಿಗೆ ತಾವು ನಿದ್ದೆ ಹೋದದ್ದೇ ತಿಳಿಯದಂಥ ಇಂತಹ ಚಿಕ್ಕ ನಿದ್ದೆಗಳು ಬರುತ್ತವೆ. ಹದಿನೇಳು ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಚುರುಕು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿಯೇ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿಕೊಟ್ಟಿದ್ದರು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ವೃದ್ಧಾಶ್ರಮದ ಸಿಬ್ಬಂದಿ ಕೋಣೆಯ ಗೋಡೆಯಲ್ಲಿ ಇದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದವಳೇ ನಾನು. ಹೊಸದಾಗಿ ರಾತ್ರಿ ಪಾಳಿಗೆ ಸೇರಿದ ಹುಡುಗಿಯರನ್ನು ನಿಲ್ಲಿಸಿ ಬುದ್ಧಿ ಹೇಳುತ್ತಿದ್ದವಳೂ ನಾನೇ.

ಪೊಲೀಸ್ ಅಧಿಕಾರಿ ಬಂದು, “ಏನಾಯಿತು?” ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು “ಮಂಜು.” ಅವರು ಸುತ್ತಲೂ ನೋಡಿದರು. ಅಷ್ಟರಲ್ಲಿ ಮಂಜು ಮತ್ತೆ ದಟ್ಟವಾಗಿ ಕವಿದಿತ್ತು. ತಲೆಯಾಡಿಸಿ ಬರೆದುಕೊಂಡರು.

ಆ ಒಂದು ಪದವನ್ನು ಆಮೇಲೆ ಎಷ್ಟು ಕಡೆ ಹೇಳಬೇಕಾಯಿತೆಂದರೆ, ಕೊನೆಗೆ ನನಗೇ ಅದು ನಡೆದ ಸಂಗತಿಯಂತೆ ಕಾಣತೊಡಗಿತು. ಯಜಮಾನರಿಗೆ ಹೇಳಿದೆ. ಮಗನಿಗೆ ಹೇಳಿದೆ. ವಿಮೆಯ ಅರ್ಜಿಯಲ್ಲಿ ಬರೆದೆ. ಚಿಕಿತ್ಸೆಯ ಖರ್ಚಿನ ವಿಷಯದಲ್ಲಿ ಮಾತ್ರ ಹೇಳಬೇಕಾಗಲಿಲ್ಲ. ನ್ಯೂಜಿಲೆಂಡಿನಲ್ಲಿ 1974ರಿಂದಲೂ ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸೆಯನ್ನು ತಪ್ಪು ಯಾರದ್ದೆಂದು ಕೇಳದೆಯೇ ಸರಕಾರದ ನಿಧಿ ನೋಡಿಕೊಳ್ಳುತ್ತದೆ. ಊರಿಗೆ ದೂರವಾಣಿ ಮಾಡಿದಾಗ ನನ್ನ ತಾಯಿ, “ಮಂಜು ಇಳಿಯುವವರೆಗೆ ಕಾಯಬಾರದಿತ್ತೇ ಮಗಾ?” ಎಂದು ಅತ್ತರು. ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮ ಪುಟ್ಟ ಪ್ರಾರ್ಥನಾ ಕೂಟದಲ್ಲಿ. ತಿಂಗಳಿಗೊಮ್ಮೆ ಬಾಡಿಗೆಯ ಸಭಾಂಗಣದಲ್ಲಿ ಸೇರುವ ಹತ್ತು ಹನ್ನೆರಡು ಭಾರತೀಯ ಕುಟುಂಬಗಳ ಕೂಟವದು. ದಟ್ಟ ಮಂಜಿನ ನಡುವೆ ನಮ್ಮ ಸಹೋದರಿಯನ್ನು ಕಾಪಾಡಿದ್ದಕ್ಕಾಗಿ ಸ್ತೋತ್ರವೆಂದು ಎಲ್ಲರೂ ಎದ್ದು ನಿಂತು ಪ್ರಾರ್ಥಿಸಿದರು. ತೋಳನ್ನು ಜೋಳಿಗೆಗೆ ಕಟ್ಟಿಕೊಂಡಿದ್ದ ನಾನೂ ಅವರೊಡನೆ “ಆಮೆನ್” ಎಂದೆ.

ನಿದ್ದೆ ಹೋದೆ ಎಂದು ಬರೆದಿದ್ದರೂ ವಿಮೆಯ ಹಣ ಬಹುಶಃ ಬರುತ್ತಿತ್ತು. ಆದುದರಿಂದ ಹಣಕ್ಕಾಗಿ ಸುಳ್ಳು ಹೇಳಿದೆನೆಂದು ಹೇಳಿಕೊಂಡು ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ. ಗೋಡೆಯ ಮೇಲಿನ ಆ ಕಾಗದವನ್ನು ಬರೆದವಳು ನಾನೆಂಬುದೇ ಕಾರಣ.

ಕಾರು ದುರಸ್ತಿಗೆ ಯೋಗ್ಯವಲ್ಲವೆಂದು ವಿಮೆಯವರು ಗುಜರಿಗೆ ಹಾಕಿದರು. ಮಾರುಕಟ್ಟೆಯ ಬೆಲೆಯ ಲೆಕ್ಕದಲ್ಲಿ ನಾಲ್ಕು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ ಹಣ ಬಂತು. ಅಷ್ಟಕ್ಕೆ ಇನ್ನೊಂದು ಹಳೆಯ ಕೊರೊಲಾ ಸಿಗುತ್ತಿತ್ತು. ನನಗೆ ಬೇಕಿದ್ದದ್ದೂ ಅದೇ. ಆದರೆ ಯಜಮಾನರು ಒಪ್ಪಲಿಲ್ಲ. “ಮಂಜಿನಲ್ಲಿ ಓಡಾಡುವವಳು ನೀನು. ಒಳ್ಳೆಯ ಫಾಗ್ ಲೈಟು ಬೇಕು, ರಸ್ತೆಯನ್ನು ಕಚ್ಚಿ ಹಿಡಿಯುವ ಟಯರು ಬೇಕು, ಬ್ರೇಕು ಬೇಕು” ಎಂದು ಒಂದು ಹಾಳೆಯಲ್ಲಿ ಪಟ್ಟಿ ಬರೆದರು. ಅವರು ಜೀವಮಾನದಲ್ಲಿ ಬಟ್ಟೆಯ ವಿಷಯದಲ್ಲಾಗಲಿ ಊಟದ ವಿಷಯದಲ್ಲಾಗಲಿ ಇಂಥದೇ ಬೇಕೆಂದು ಕೇಳಿದವರಲ್ಲ. ಆ ಪಟ್ಟಿಯನ್ನು ನೋಡಿ ನನ್ನ ಗಂಟಲು ಕಟ್ಟಿತು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಆ ದೇಶದಲ್ಲಿ ಕಾರು ಕೊಳ್ಳುವುದೆಂದರೆ ಅನೇಕರಿಗೆ ಜಪಾನಿನವರು ಓಡಿಸಿ ಬಿಟ್ಟ ಕಾರನ್ನು ಕೊಳ್ಳುವುದೇ ಆಗಿದೆ. ಹಿಂದೆ ಅಲ್ಲಿಯೂ ಬಿಡಿಭಾಗಗಳನ್ನು ತರಿಸಿ ಕಾರು ಜೋಡಿಸುವ ಕಾರ್ಖಾನೆಗಳಿದ್ದವು. 1980ರ ದಶಕದ ಕೊನೆಯಲ್ಲಿ ಹಳೆಯ ಕಾರುಗಳ ಆಮದಿಗೆ ಬಾಗಿಲು ತೆರೆಯಿತು. 1998ರಲ್ಲಿ ಕಾರುಗಳ ಮೇಲಿನ ಆಮದು ಸುಂಕವನ್ನು ಪೂರ್ತಿಯಾಗಿ ತೆಗೆದುಹಾಕಿದಾಗ, ಉಳಿದಿದ್ದ ಕಾರ್ಖಾನೆಗಳೂ ಅದೇ ವರ್ಷ ಮುಚ್ಚಿಹೋದವು. ಇತ್ತ ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸರಕಾರಿ ತಪಾಸಣೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಪ್ರತಿ ಸಲವೂ ಖರ್ಚು ದೊಡ್ಡದು. ಆದುದರಿಂದ ಅನೇಕರು ಇನ್ನೂ ಚೆನ್ನಾಗಿರುವ ಕಾರನ್ನೇ ಮಾರಿ ಹೊಸದನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರ. ಚಾಲಕನ ಆಸನ ಬಲಗಡೆ. ಹೀಗಾಗಿ ಹರಾಜಿನಲ್ಲಿ ಹೋದ ಕಾರುಗಳು ಹಡಗು ಹತ್ತಿ ನ್ಯೂಜಿಲೆಂಡಿಗೆ ಬರುತ್ತವೆ. ಗಾಲಿಯ ಸಂದಿಯಲ್ಲಿ ಹೊರದೇಶದ ಮಣ್ಣೋ ಹುಲ್ಲಿನ ಬೀಜವೋ ಇದೆಯೇ ಎಂದು ಕೂಡ ಅಲ್ಲಿನ ಅಧಿಕಾರಿಗಳು ತಡಕಿ ನೋಡುತ್ತಾರೆ.

ಯಜಮಾನರ ಪಟ್ಟಿಗೂ ನನ್ನ ಹತ್ತೊಂಬತ್ತು ವರ್ಷದ ಮಗನ ಆಸೆಗೂ ಒಂದೇ ಕಾರಿನಲ್ಲಿ ಹೊಂದಾಣಿಕೆ ಆಗುತ್ತದೆಂದು ನಾನು ಎಣಿಸಿರಲಿಲ್ಲ. ಟೊಯೊಟಾ ಆಲ್ಟೆಜ್ಜಾ, 1999ರ ಮಾದರಿ. 2005ರಲ್ಲಿ ಜಪಾನಿನಿಂದ ಬಂದು ಒಬ್ಬ ಮಾಲೀಕರ ಕೈಯಲ್ಲಿ ನಾಲ್ಕು ವರ್ಷ ಇದ್ದದ್ದು. ಹೊರದೇಶಗಳಲ್ಲಿ ಲೆಕ್ಸಸ್ ಎಂಬ ದುಬಾರಿ ಹೆಸರಿನಲ್ಲಿ ಮಾರಿದ ಕಾರೇ ಜಪಾನಿನೊಳಗೆ ಈ ಹೆಸರಿನಲ್ಲಿ ಓಡುತ್ತಿತ್ತು. ಬಾಗಿಲು ನಾಲ್ಕು ಇದ್ದುದರಿಂದ ನೋಡುವುದಕ್ಕೆ ಸಂಸಾರಸ್ಥರ ಕಾರೇ. ಆದರೆ ಕೈಯಿಂದ ಹಾಕುವ ಆರು ಗೇರುಗಳು, 210 ಅಶ್ವಶಕ್ತಿಯ ಎರಡು ಲೀಟರಿನ ಎಂಜಿನ್ನು, ಕೈಗಡಿಯಾರದ ಮುಖದಂತೆ ದೊಡ್ಡ ವೃತ್ತದೊಳಗೆ ಪುಟ್ಟ ವೃತ್ತಗಳನ್ನಿಟ್ಟ ವೇಗಮಾಪಕ. ಮಗ ಅದರ ಸುತ್ತ ಮೂರು ಸುತ್ತು ಬಂದ. ಯಜಮಾನರು ಬಗ್ಗಿ ಫಾಗ್ ಲೈಟುಗಳನ್ನು ಮಾತ್ರ ನೋಡಿದರು.

ಮಾರುವವರು ಕಾಗದಗಳ ಜೊತೆ ಜಪಾನಿನ ಹರಾಜಿನ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ ಕಾರಿನ ಚಿತ್ರ ಬರೆದು, ಎಲ್ಲೆಲ್ಲಿ ಗೀರು ಇದೆಯೋ ಅಲ್ಲಿ ‘ಎ’, ನೆಗ್ಗು ಇದ್ದಲ್ಲಿ ‘ಯು’ ಎಂದು ಗುರುತು ಹಾಕಿದ್ದರು. ಹಿಂಬದಿಯ ಬಲಬಾಗಿಲಿನಲ್ಲಿದ್ದ ಉಗುರಿನಷ್ಟು ಚಿಕ್ಕ ಗೀರನ್ನೂ ಬಿಟ್ಟಿರಲಿಲ್ಲ. ದೊಡ್ಡ ಅಪಘಾತವಾಗಿ ದುರಸ್ತಿಯಾದ ಕಾರಾದರೆ ಅಂಕವನ್ನೇ ಕೊಡದೆ ‘ಆರ್’ ಎಂದು ಬರೆಯುತ್ತಾರಂತೆ. ನ್ಯೂಜಿಲೆಂಡಿನಲ್ಲಿಯೂ ವ್ಯಾಪಾರಿಗಳು ಮಾರಾಟಕ್ಕಿಟ್ಟ ಹಳೆಯ ಕಾರಿನ ಗಾಜಿಗೆ ಒಂದು ಮಾಹಿತಿಪತ್ರವನ್ನು ಅಂಟಿಸಲೇಬೇಕು. ಜಖಂಗೊಂಡ ಸ್ಥಿತಿಯಲ್ಲಿ ಆಮದಾದ ಕಾರೇ ಎಂಬುದನ್ನು ಅದರಲ್ಲಿ ಹೇಳಬೇಕು. ಆ ಹಾಳೆಯನ್ನು ನಾನು ಬೇಗನೆ ಮಡಚಿ ಚೀಲದಲ್ಲಿಟ್ಟೆ.

ಬೆಲೆ ಒಂಬತ್ತೂವರೆ ಸಾವಿರ ಡಾಲರು. ವಿಮೆಯ ಹಣಕ್ಕೆ ಮಿಕ್ಕಿದ್ದನ್ನು ಆ ವರ್ಷದ ಕ್ರಿಸ್ಮಸ್ಸಿಗೆ ಮೂವರೂ ಊರಿಗೆ ಬರಲೆಂದು ಕೂಡಿಟ್ಟಿದ್ದ ಹಣದಿಂದ ಕೊಟ್ಟೆವು. ಇಪ್ಪತ್ತೈದರೊಳಗಿನ ಹುಡುಗನೂ ಓಡಿಸುತ್ತಾನೆಂದು ತಿಳಿಸಿದಾಗ ವಿಮೆಯ ಕಂತು ಬೇರೆ ಏರಿತು. ಅದೇ 2009ರಲ್ಲಿ, ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವ ಹುಡುಗರು ಮತ್ತೆ ಮತ್ತೆ ಸಿಕ್ಕಿಬಿದ್ದರೆ ಅವರ ಕಾರನ್ನೇ ಯಂತ್ರಕ್ಕೆ ಹಾಕಿ ಜಜ್ಜಿಬಿಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಡುವ ಕಾನೂನು ಆ ದೇಶದಲ್ಲಿ ಬಂದಿತ್ತು. ಅಂಥ ಹುಡುಗರು ಮೆಚ್ಚುತ್ತಿದ್ದ ಕಾರುಗಳಲ್ಲಿ ಇದೂ ಒಂದು. ಸಭಾಂಗಣದ ಮುಂದೆ ನಾವು ಮೊದಲ ದಿನ ಇಳಿದಾಗ ಕೆಲವರು ಹುಬ್ಬೇರಿಸಿದರು. ಯಜಮಾನರು ಪ್ರತಿಯೊಬ್ಬರನ್ನೂ ಕಾರಿನ ಮುಂಭಾಗಕ್ಕೆ ಕರೆದೊಯ್ದು, ಬಗ್ಗಿಸಿ, ಫಾಗ್ ಲೈಟು ತೋರಿಸಿದರು.

ಕಾರು ಮನೆಗೆ ಬಂದ ಮೇಲೆ ಒಂದು ತಮಾಷೆಯೂ ನಡೆಯಿತು. ಅದನ್ನು ಹೇಳದಿದ್ದರೆ ಮಗ ಸಿಟ್ಟಾದಾನು. ಕೀಲಿ ತಿರುಗಿಸಿದೊಡನೆ ಒಳಗಿನಿಂದ ಒಬ್ಬ ಹೆಂಗಸು ಮಧುರವಾದ ಧ್ವನಿಯಲ್ಲಿ ಜಪಾನೀ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. “ಶುಭವಾಗಲಿ ಎನ್ನುತ್ತಾಳೆ” ಎಂದು ಯಜಮಾನರು ತೀರ್ಮಾನಿಸಿ, ದಿನವೂ ಅವಳಿಗೆ ಕನ್ನಡದಲ್ಲಿ “ವಂದನೆ” ಎನ್ನುತ್ತಿದ್ದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಜಪಾನೀ ಹುಡುಗಿಯೊಬ್ಬಳು ಒಂದು ದಿನ ಊಟಕ್ಕೆ ಬಂದವಳು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಪಾನಿನ ಹೆದ್ದಾರಿಗಳಲ್ಲಿ ಸುಂಕ ತಾನಾಗಿಯೇ ಪಾವತಿಯಾಗಲು ಕಾರಿನೊಳಗೆ ಒಂದು ಕಾರ್ಡು ಹಾಕಬೇಕಂತೆ. “ಕಾರ್ಡು ಹಾಕಿಲ್ಲ” ಎಂದು ಆ ಹೆಂಗಸು ಎಚ್ಚರಿಸುತ್ತಿದ್ದಳು. ರೇಡಿಯೋ ಕೂಡ ಜಪಾನಿನ ಅಳತೆಗೆ ಮಾಡಿದ್ದು. ಅದರ ಮುಳ್ಳು 90ರ ಆಚೆ ಹೋಗುತ್ತಿರಲಿಲ್ಲ. ನ್ಯೂಜಿಲೆಂಡಿನ ಹೆಚ್ಚಿನ ಎಫ್.ಎಂ. ಬಾನುಲಿ ಕೇಂದ್ರಗಳು ಇರುವುದು 88ರಿಂದ 108ರ ನಡುವೆ. ಹೀಗಾಗಿ ಕಾರಿನಲ್ಲಿ ಹೆಚ್ಚು ಮೌನವೇ ಇರುತ್ತಿತ್ತು.

ಅದೇ ದಿನ ಆ ಹುಡುಗಿಗೆ ನಾನು ಇನ್ನೊಂದು ವಸ್ತುವನ್ನೂ ತೋರಿಸಿದೆ. ಮುಂಭಾಗದ ಖಾನೆಯ ತಳಹಾಸಿನ ಅಡಿಯಲ್ಲಿ ಸಿಕ್ಕಿದ್ದ, ಹೆಬ್ಬೆರಳಿನಷ್ಟು ಅಗಲದ ಜರತಾರಿಯ ಚೀಲ. ಅದರ ಮೇಲೆ ನಾಲ್ಕು ಅಕ್ಷರ. “ಸಂಚಾರ ಸುರಕ್ಷತೆ ಎಂದು ಬರೆದಿದೆ. ದೇಗುಲದಿಂದ ತರುವ ರಕ್ಷೆ. ಅಮ್ಮಂದಿರು ಕೊಡುತ್ತಾರೆ” ಎಂದಳು. ನಮ್ಮ ಕೂಟದ ಒಬ್ಬರು ಅದನ್ನು ಸುಟ್ಟುಬಿಡಬೇಕೆಂದಿದ್ದರು. ನಮ್ಮ ವಿಶ್ವಾಸ ಅದಲ್ಲವೆಂಬುದು ನನಗೂ ಗೊತ್ತು. ಆದರೆ ಯಾವಳೋ ಒಬ್ಬಳು ಮಗನ ಕಾರಿನಲ್ಲಿ ಅವನಿಗೆ ಕಾಣದಂತೆ ಇಟ್ಟದ್ದನ್ನು ಬೆಂಕಿಗೆ ಹಾಕಲು ನನಗೆ ಕೈ ಬರಲಿಲ್ಲ. ಹಳೆಯದಾದ ರಕ್ಷೆಯನ್ನು ಬಿಸಾಡುವುದಿಲ್ಲ, ದೇಗುಲಕ್ಕೆ ಹಿಂತಿರುಗಿಸುತ್ತಾರೆಂದು ಅವಳು ಹೇಳಿದಳು. ಆ ವರ್ಷದ ಕೊನೆಯಲ್ಲಿ ಊರಿಗೆ ಹೋಗುವಾಗ ಅವಳೇ ತೆಗೆದುಕೊಂಡು ಹೋದಳು.

ನಾನು ಆ ಕಾರನ್ನು ಅಂಗಡಿಗೆ ಹೋಗಿ ಬರುವುದಕ್ಕಿಂತ ಹೆಚ್ಚು ಓಡಿಸುತ್ತಿರಲಿಲ್ಲ. ಗೇರು ಹಾಕಲು ಬಾರದೆಂದಲ್ಲ. ಮಂಗಳೂರಿನ ಡ್ರೈವಿಂಗ್ ಶಾಲೆಯಲ್ಲಿ ಮಾರುತಿ 800ರಲ್ಲಿ ಕಲಿತವಳು. ಭುಜದ ನೋವೆಂದು ಹೇಳಿ ಹಗಲಿನ ಪಾಳಿಗೆ ಬದಲಾಯಿಸಿಕೊಂಡು, ಇನ್ನೊಬ್ಬಳ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಮಂಜಿಗಾಗಿ ಕೊಂಡ ಕಾರು ಮಂಜಿನಲ್ಲಿ ಹೋಗದೆ ಅಂಗಳದಲ್ಲಿ ನಿಂತಿರುತ್ತಿತ್ತು.

ಆ ಕ್ರಿಸ್ಮಸ್ಸಿಗೆ ಊರಿಗೆ ಹೋಗಲಾಗದ್ದರಿಂದ ಮನೆಯಲ್ಲಿಯೇ ಕರ್ಜಿಕಾಯಿ, ಕಲ್ಕಲ, ಕೇಕು ಮಾಡಿ ಒಂದು ತಟ್ಟೆಯನ್ನು ಬೇಲಿಯ ಮಾಲೀಕರಾದ ರೈತರಿಗೆ ಕೊಂಡೊಯ್ದೆ. ಬೇಲಿಯ ಖರ್ಚನ್ನು ವಿಮೆಯವರು ಅವರಿಗೆ ಕೊಟ್ಟಿದ್ದರು; ಆದರೂ ಹೋಗಬೇಕೆನಿಸಿತು. ಎಪ್ಪತ್ತರ ಹತ್ತಿರದ ಮನುಷ್ಯ. ಕರ್ಜಿಕಾಯಿಯನ್ನು ಕಚ್ಚಿ ನೋಡಿ ಮೆಚ್ಚಿಕೊಂಡರು. ಬೀಳ್ಕೊಡುವಾಗ ಗೇಟಿನ ಬಳಿ ನಿಂತು, “ಹುಲ್ಲಿನ ಮೇಲೆ ನಿಮ್ಮ ಗಾಲಿಯ ಗುರುತು ಹಗ್ಗ ಹಿಡಿದು ಎಳೆದ ಹಾಗೆ ನೇರವಾಗಿತ್ತು. ಬ್ರೇಕು ಹಾಕಿದ ಗುರುತೇ ಇರಲಿಲ್ಲ” ಎಂದರು. ನಾನು ತಲೆ ತಗ್ಗಿಸಿದೆ. “ನಾನು ನಲವತ್ತು ವರ್ಷ ಬೆಳಗಿನ ನಾಲ್ಕಕ್ಕೆ ಹಾಲು ಕರೆದವನು. ಟ್ರ್ಯಾಕ್ಟರಿನ ಮೇಲೆ ನಿದ್ದೆ ಹೋಗಿ ಇದೇ ಚರಂಡಿಗೆ ಇಳಿಸಿದ್ದೇನೆ” ಎಂದು ಹೇಳಿ, ಗೇಟು ಹಾಕಿಕೊಂಡು ಹೋದರು. ಅವರು ಯಾರಿಗೂ ಹೇಳಿರಲಿಲ್ಲ. ನಾನೂ ಮತ್ತೆ ಆರು ತಿಂಗಳು ಹೇಳಲಿಲ್ಲ.

2010ರ ಜೂನ್ ತಿಂಗಳು ಬಂತು. ಯಜಮಾನರ ಅಕ್ಕ, ಎಂದರೆ ನನ್ನ ಅತ್ತಿಗೆ, ಮುಂಬಯಿಯಿಂದ ಸಿಂಗಾಪುರದ ಮೂಲಕ ಆಕ್ಲೆಂಡಿಗೆ ಬರುವವರಿದ್ದರು. ವಿಮಾನ ಬೆಳಿಗ್ಗೆ ಎಂಟಕ್ಕೆ. ನಮ್ಮ ಮನೆಯಿಂದ ವಿಮಾನ ನಿಲ್ದಾಣಕ್ಕೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಯಜಮಾನರಿಗೆ ಬೆಳಗಿನ ಪಾಳಿ; ರಜೆ ಸಿಗಲಿಲ್ಲ. ಮಗ ಹೋಗುವುದೆಂದು ತೀರ್ಮಾನವಾಗಿತ್ತು. ಅವನಿಗೆ ವಿಶ್ವವಿದ್ಯಾಲಯದ ಪರೀಕ್ಷೆಗಳು ನಡೆಯುತ್ತಿದ್ದವು. ಜೊತೆಗೆ ವಾರಕ್ಕೆ ಮೂರು ರಾತ್ರಿ ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುವ ಕೆಲಸ. ಆ ರಾತ್ರಿ ಅವನು ಮನೆಗೆ ಬಂದದ್ದು ಮೂರು ಗಂಟೆಗೆ. ಹಿಂದಿನ ಎರಡು ರಾತ್ರಿ ಓದಿದ್ದ. ಮಲಗಿದರೆ ಏಳಲಾರೆನೆಂದು ಮಲಗದೆಯೇ ಕುಳಿತಿದ್ದ.

ಐದು ಗಂಟೆಗೆ ನಾನು ಅಡಿಗೆಮನೆಗೆ ಬಂದಾಗ ಕಿಟಕಿಯ ಹೊರಗೆ ಬೀದಿದೀಪವೇ ಕಾಣುತ್ತಿರಲಿಲ್ಲ. ಅಷ್ಟು ಮಂಜು. ಯಜಮಾನರು ಕಾರ್ಖಾನೆಯ ಉಡುಪು ಧರಿಸಿ ಚಹಾ ಕುಡಿಯುತ್ತಿದ್ದರು. ಮಗ ಮುಖಕ್ಕೆ ತಣ್ಣೀರು ಎರಚಿಕೊಂಡು ಬಂದ. ಕಣ್ಣುಗಳು ಕೆಂಡದಂತಿದ್ದವು. ಯಜಮಾನರು ಮೇಜಿನ ಮೇಲಿದ್ದ ಕೀಲಿಯನ್ನು ಅವನತ್ತ ತಳ್ಳಿ, “ಹೆದರಬೇಡ. ಫಾಗ್ ಲೈಟು ಹಾಕಿಸಿಕೊಂಡಿರುವುದೇ ಇಂಥ ದಿನಕ್ಕೆ. ಅಮ್ಮನಿಗೆ ಅಂದು ಅದೊಂದು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ” ಎಂದರು.

ಕೀಲಿಯ ಮೇಲೆ ನಾನು ಕೈಯಿಟ್ಟೆ.

“ಅಂದು ಮಂಜಿನಿಂದ ಆದದ್ದಲ್ಲ. ನಾನು ನಿದ್ದೆ ಹೋಗಿದ್ದೆ.”

ಅಡಿಗೆಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ ಕೇಳುತ್ತಿತ್ತು. ಯಜಮಾನರು, “ಯಾವತ್ತು?” ಎಂದರು. ಅವರಿಗೆ ಅರ್ಥವಾಗಿರಲಿಲ್ಲವೆಂದಲ್ಲ. ನಾನು ಎಲ್ಲವನ್ನೂ ಹೇಳಿದೆ: ಐದನೆಯ ಪಾಳಿ, ತೆಳುವಾದ ಜಾಗ, ತಂತಿಯ ಸದ್ದು, ಪೊಲೀಸರು, ಅರ್ಜಿ. “ರಸ್ತೆ ಕಾಣುತ್ತಿತ್ತು” ಎಂದು ಎರಡು ಬಾರಿ ಹೇಳಿದೆ. ಮಗನ ಕಡೆ ತಿರುಗಿ, “ನಿನ್ನ ಕಣ್ಣು ನನ್ನ ಅಂದಿನ ಕಣ್ಣಿನ ಹಾಗೆಯೇ ಇದೆ” ಎಂದೆ. ಯಜಮಾನರು, “ಹಾಗಾದರೆ ಆ ಲೈಟು...” ಎಂದು ಆರಂಭಿಸಿ ನಿಲ್ಲಿಸಿದರು. ಹೊರಗೆ ಅವರ ಜೊತೆಗಾರನ ವ್ಯಾನು ಬಂತು. ನಮ್ಮ ಮನೆಯಲ್ಲಿ ಹೊರಡುವಾಗ “ಬರುತ್ತೇನೆ” ಎನ್ನದೆ ಹೊಸಿಲು ದಾಟುವ ವಾಡಿಕೆಯಿಲ್ಲ. ಅಂದು ಅವರು ಏನೂ ಹೇಳದೆ ಹೋದರು.

ಮುಂದಿನ ಸಂಗತಿಯನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಮೂರು ದಿನ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ಅಕ್ಕ ಮನೆಯಲ್ಲಿದ್ದುದರಿಂದ ಅದು ಹೊರಗೆ ಕಾಣಲಿಲ್ಲ. ನಾಲ್ಕನೆಯ ದಿನ, “ಅವರಿಗೆ ಬರೆದೆಯಾ?” ಎಂದು ಕೇಳಿದರು. ಬರೆದೆ. ವಿಮೆಯವರಿಂದ ಒಬ್ಬ ಮಹಿಳೆ ದೂರವಾಣಿ ಮಾಡಿ, ಅಪಘಾತಕ್ಕೆ ಮುಂಚಿನ ದಿನಗಳಲ್ಲಿ ಎಷ್ಟೆಷ್ಟು ಗಂಟೆ ಮಲಗಿದ್ದೆನೆಂದು ಕೇಳಿಕೊಂಡರು. ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವುದಿಲ್ಲ, ದಾಖಲೆಯನ್ನು ಮಾತ್ರ ತಿದ್ದಿಕೊಳ್ಳುತ್ತೇವೆ ಎಂದು ಕೆಲವು ವಾರಗಳ ಬಳಿಕ ಪತ್ರ ಬಂತು. ಪೊಲೀಸ್ ಠಾಣೆಗೂ ಹೋಗಿ ಹೇಳಿದೆ. ಬರೆದುಕೊಂಡರು, ಮತ್ತೆ ಕರೆಯಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಹೇಳುವುದಕ್ಕೆ ಇವೆರಡಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು, ಕಾಲು ನಡುಗುತ್ತಿತ್ತು. ಸಿಬ್ಬಂದಿ ಕೋಣೆಯ ಕಾಗದದ ಕೆಳಗೆ ನನ್ನ ಅಪಘಾತದ ತಾರೀಖನ್ನು ನಾನೇ ಪೆನ್ನಿನಲ್ಲಿ ಬರೆದೆ. ತಾಯಿಗೆ ಮಾತ್ರ ಎದುರಿಗೆ ಕುಳಿತು ಹೇಳಬೇಕೆಂದು ಕಾದಿದ್ದೆ. 2011ರಲ್ಲಿ ಉಡುಪಿಯ ಅಂಗಳದಲ್ಲಿ ಹೇಳಿದಾಗ ಅವರು, “ಐದು ರಾತ್ರಿ ಯಾಕೆ ಒಪ್ಪಿಕೊಂಡೆ?” ಎಂದು ಅದನ್ನೇ ಹಿಡಿದು ಬೈದರು.

ಇನ್ನು ಆ ಬೆಳಗಿನ ಮಾತಿಗೆ ಬರುತ್ತೇನೆ. ಯಜಮಾನರು ಹೊರಟ ಮೇಲೆ ಮಗ, “ಹಾಗಾದರೆ ಅತ್ತೆಯನ್ನು ಕರೆತರುವವರು ಯಾರು?” ಎಂದು ಕೇಳಿದ. ನಾನು ರಾತ್ರಿ ಒಂಬತ್ತಕ್ಕೇ ಮಲಗಿದ್ದೆ. ಏಳು ಗಂ­ಟೆಗೂ ಹೆಚ್ಚು ನಿದ್ದೆಯಾಗಿತ್ತು. “ನಾನೇ ಓಡಿಸುತ್ತೇನೆ. ನೀನು ಪಕ್ಕದಲ್ಲಿ ಮಲಗು” ಎಂದೆ. ಅವನು ನನ್ನನ್ನೂ ಕಾರನ್ನೂ ಒಮ್ಮೆ ನೋಡಿದ. ಮರುಮಾತಾಡಲಿಲ್ಲ.

ಕೀಲಿ ತಿರುಗಿಸಿದಾಗ ಆ ಹೆಂಗಸು ಎಂದಿನಂತೆ ಕಾರ್ಡು ಹಾಕಿಲ್ಲವೆಂದಳು. ಮೊದಲ ಗೇರಿನಲ್ಲಿ ಎರಡು ಸಲ ಎಂಜಿನ್ನು ನಿಂತಿತು. ಕ್ಲಚ್ಚು ಬಿಗಿ, ಸ್ಟೇರಿಂಗು ಬೆರಳು ತಾಗಿದರೆ ತಿರುಗುವಷ್ಟು ಚುರುಕು. ಬೀದಿಯ ತಿರುವು ದಾಟುವಷ್ಟರಲ್ಲಿ ಮಗ ನಿದ್ದೆ ಹೋಗಿದ್ದ. ಹೆದ್ದಾರಿಯಲ್ಲಿ ಮಂಜು ಇನ್ನೂ ದಟ್ಟವಾಗಿತ್ತು. ಫಾಗ್ ಲೈಟು ಹಾಕಿದೆ. ಯಜಮಾನರ ಮಾತು ಸುಳ್ಳಾಗಿರಲಿಲ್ಲ: ತಗ್ಗಿನಲ್ಲಿದ್ದ ಆ ದೀಪಗಳು ಮಂಜಿನ ಅಡಿಯಿಂದ ತೂರಿ, ರಸ್ತೆಯ ಎಡಅಂಚಿನ ಬಿಳಿ ಗೆರೆಯನ್ನು ಒಂದೊಂದು ಮಾರು ತೋರಿಸುತ್ತಾ ಹೋದವು. ಆ ಗೆರೆಯನ್ನು ಹಿಡಿದು ನಲವತ್ತು, ಐವತ್ತು ಕಿಲೋಮೀಟರು ವೇಗದಲ್ಲಿ ಹೋದೆ. ಗಂಟೆಗೆ 180 ಕಿಲೋಮೀಟರು ಎಂದು ವೇಗಮಾಪಕದಲ್ಲಿ ಬರೆದುಕೊಂಡಿದ್ದ ಕಾರು ಎತ್ತಿನಗಾಡಿಯ ಹಾಗೆ ಸಾಗಿತು. ಹಂಟ್ಲಿಯಲ್ಲಿ ನದಿಯ ದಡದ ವಿದ್ಯುತ್ ಸ್ಥಾವರದ ಎರಡು ಎತ್ತರದ ಚಿಮಣಿಗಳು ಕಾಣಲೇ ಇಲ್ಲ. ಅವು ಅಲ್ಲಿವೆ ಎಂದು ನೆನಪಿನಿಂದ ತಿಳಿದುಕೊಂಡೆ. ಒಂದು ಕಡೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಳಿದು ನಾಲ್ಕು ಹೆಜ್ಜೆ ನಡೆದೆ. ನಿದ್ದೆ ಬಂದಿತ್ತೆಂದಲ್ಲ, ಬರುವುದಕ್ಕೆ ಮೊದಲೇ ನಿಲ್ಲಿಸಿ ನೋಡೋಣವೆಂದು.

ಆಕ್ಲೆಂಡಿಗೆ ಮುಂಚೆ ದಾರಿಗೆ ಅಡ್ಡವಾಗಿ ಒಂದು ಗುಡ್ಡಸಾಲು ಸಿಗುತ್ತದೆ. ಹಿಂದೆ ವಲಸಿಗರನ್ನು ಕರೆತಂದ ಹಡಗೊಂದರ ಹೆಸರಿನಿಂದ ಅದನ್ನು ಬಾಂಬೆ ಹಿಲ್ಸ್ ಎಂದು ಕರೆಯುತ್ತಾರೆ. ಏರಿನಲ್ಲಿ ಗೇರು ಇಳಿಸಿದಾಗ ಎಂಜಿನ್ನು ಒಮ್ಮೆ ಗಟ್ಟಿಯಾಗಿ ಗುಡುಗಿತು. ನೆತ್ತಿಯ ಹತ್ತಿರ ಮಂಜು ತಟ್ಟನೆ ಕೆಳಗುಳಿಯಿತು. ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು. ಎಂಜಿನ್ನಿನ ಸದ್ದಿಗೆ ಮಗ ಕಣ್ಣು ಬಿಟ್ಟು, “ಎಲ್ಲಿದ್ದೇವೆ ಅಮ್ಮ?” ಎಂದ.

“ಬಾಂಬೆಯಲ್ಲಿ.”

“ಅತ್ತೆ ನಿನ್ನೆ ಅಲ್ಲಿಂದಲೇ ಹೊರಟದ್ದಲ್ಲವೇ?” ಎಂದು ನಿದ್ದೆಗಣ್ಣಿನಲ್ಲಿಯೇ ನಕ್ಕ. ಸ್ವಲ್ಪ ಹೊತ್ತು ನಾನು ಗೇರು ಹಾಕುವುದನ್ನು ನೋಡುತ್ತಿದ್ದು, “ಇನ್ನು ಮಂಜಿಲ್ಲ. ನಾನು ಓಡಿಸಲೇ?” ಎಂದು ಕೇಳಿದ.

“ಬೇಡ, ಮಲಗು” ಎಂದೆ.